ಸೀತತ್ತೆ ಹೆದರಿಸಿದ ಸಿನಿಮಾ

ಜನವರಿ 19, ಭಾನುವಾರ. ಸಿದ್ದಾಪುರ

ಕೆಲಸ ಸಿಕ್ಕಿತು. ಎಂ.ಎ. ಮುಗಿದು ಒಂದೂವರೆ ವರ್ಷಕ್ಕೆ ಸಿಕ್ಕ ಮೊದಲ ಕೆಲಸ, ಅದೂ ದೆವ್ವದ ಸಿನಿಮಾದಲ್ಲಿ. ಅಪ್ಪನಿಗೆ ಹೇಳುವಾಗ ಸಿನಿಮಾ ಎಂದಷ್ಟೇ ಹೇಳಿದೆ. ದೆವ್ವವನ್ನು ನುಂಗಿಕೊಂಡೆ.

ನಿರ್ದೇಶಕರ ಹೆಸರು ವೈಭವ. ಬೆಂಗಳೂರಿನವರು, ಅವರಿಗೂ ಇದು ಮೊದಲನೆಯದು. ಯಲ್ಲಾಪುರದ ಒಂದು ಖಾಲಿ ಮನೆಯಲ್ಲಿ ಹದಿನೆಂಟು ದಿನ ಶೂಟಿಂಗ್. ಸಂಭಾಷಣೆಯನ್ನು ಈ ಕಡೆಯ ಮಾತಿಗೆ ತಿದ್ದಿಕೊಡಲು, ಜೊತೆಗೆ ಕಂಟಿನ್ಯುಟಿ ಬರೆದಿಡಲು ಒಬ್ಬರು ಬೇಕಾಗಿತ್ತಂತೆ. ಕಾಲೇಜಿನ ಮೇಡಂ ನನ್ನ ಹೆಸರು ಕೊಟ್ಟಿದ್ದರು. ಕಂಟಿನ್ಯುಟಿ ಎಂದರೆ, ಒಂದು ಶಾಟಿನಲ್ಲಿ ಹೀರೊನ ಎಡಗೈಯಲ್ಲಿದ್ದ ಚೀಲ ಮುಂದಿನ ಶಾಟಿನಲ್ಲಿ ಬಲಗೈಗೆ ಹೋಗದಂತೆ ಕಾಯುವುದು. ಸುಮ್ಮನೆ ಕೂತು ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ಹೀಗೊಂದು ಉದ್ಯೋಗ ಇದೆ ಎಂದು ಮೊದಲೇ ಗೊತ್ತಿದ್ದರೆ ಬಿ.ಎಡ್. ಅರ್ಜಿ ತುಂಬುತ್ತಲೇ ಇರಲಿಲ್ಲ.

ವೈಭವ ಐದು ಪ್ರಶ್ನೆ ಕೇಳಿದರು. ಎರಡಕ್ಕೆ ನಾನು ಉತ್ತರ ಕೊಟ್ಟೆ. ಉಳಿದ ಮೂರಕ್ಕೆ ಜೊತೆಗೆ ಬಂದಿದ್ದ ಸೀತತ್ತೆ ಕೊಟ್ಟಳು. ಅತ್ತೆ ಅಪ್ಪನ ತಂಗಿ, ಅರವತ್ತೊಂದು ವರ್ಷ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾಳೆ. ಮೂವತ್ತು ವರ್ಷ ಸಿದ್ದಾಪುರದ ಹುಡುಗಿಯರಿಗೆ ಹೊಲಿಗೆ ಕಲಿಸಿದವಳು. ಅವಳು ಮಾತಾಡುತ್ತಿದ್ದಂತೆ ವೈಭವ ಅವಳ ತುರುಬನ್ನೇ ನೋಡುತ್ತಿದ್ದರು. ಕೂದಲು ಎಷ್ಟುದ್ದ ಇದೆ ಎಂದು ಕೇಳಿದರು. ಅತ್ತೆ ನಾಚದೆ ಪಿನ್ನು ತೆಗೆದಳು. ಪೂರ್ತಿ ಬೆಳ್ಳಗೆ, ಮೊಣಕಾಲಿನವರೆಗೆ.

ದೆವ್ವದ ಪಾತ್ರ ಮಾಡುತ್ತೀರಾ ಎಂದರು.

ಅತ್ತೆ ಆಗಲಿ ಎಂದಳು. ಮನೆಗೆ ಬಂದು ಗೇಟು ತೆಗೆಯುವಾಗ ಅಂದಳು: "ಮೂವತ್ತು ವರ್ಷ ಕ್ಲಾಸು ನಡೆಸಿದೆ. ಒಂದು ಕೂಸೂ ಯನ್ನ ನೋಡಿ ಹೆದ್ರಿದ್ದಿಲ್ಲೆ. ಬೈದ್ರೂ ನಗ್ಯಾಡ್ತಿದ್ದೊ. ಒಂದೇ ಒಂದ್ಸಲ ಯಾರಾದ್ರೂ ಹೆದ್ರವು ಅಭಿ, ಸಾಕು."

ಜನವರಿ 27, ಸೋಮವಾರ. ಯಲ್ಲಾಪುರ

ಹೆದರುವಂಥದ್ದೇನೂ ಈ ಮನೆಯಲ್ಲಿ ಇಲ್ಲ. ಹೆದ್ದಾರಿಯಿಂದ ನೂರು ಹೆಜ್ಜೆ. ಮೊಸಾಯಿಕ್ ನೆಲ, ಬಾಲ್ಕನಿಗೆ ಸಿಮೆಂಟಿನ ಕಮಲ, ಬಚ್ಚಲಿಗೆ ಗುಲಾಬಿ ಬಣ್ಣದ ಟೈಲ್ಸು. ಮರದ ವ್ಯಾಪಾರಿಯೊಬ್ಬರು ಕಟ್ಟಿಸಿದ್ದಂತೆ. ವ್ಯಾಪಾರ ಹುಬ್ಬಳ್ಳಿಗೆ ಹೋದಮೇಲೆ ಬೀಗ ಬಿದ್ದಿದೆ.

ಶೂಟಿಂಗೆಲ್ಲ ಹಗಲಲ್ಲೇ. ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದು ಬೆಳಿಗ್ಗೆ ಹತ್ತಕ್ಕೇ ಕತ್ತಲೆ ಮಾಡುತ್ತಾರೆ. ಅಡುಗೆಮನೆ ಕಿಟಕಿಗೆ ಬಟ್ಟೆ ಸಾಲಲಿಲ್ಲ. ಅತ್ತೆ ಪಕ್ಕದ ಮನೆಯಿಂದ ಹೊಲಿಗೆ ಮಷಿನ್ ಕೇಳಿ ತರಿಸಿ ಎರಡು ತುಂಡು ಕೂಡಿಸಿ ಕೊಟ್ಟಳು. ಲಾರಿ ಹಾರ್ನ್ ಹೊಡೆದಾಗಲೆಲ್ಲ ದೆವ್ವವೂ ಮೆಟ್ಟಿಲ ಮೇಲೆ ನಿಂತು ಕಾಯಬೇಕಾದೀತು.

ಸಿನಿಮಾದ ಹೆಸರು 'ಮೆತ್ತಿನ ಮೇಲೆ'. ಮಹಡಿಗೆ ನಾವು ಮೆತ್ತು ಅನ್ನುವುದು ವೈಭವ ಅವರಿಗೆ ಇಷ್ಟವಾಗಿಬಿಟ್ಟಿದೆ. ಊರಿಗೆ ಹೊಸದಾಗಿ ಬಂದ ಸರ್ವೆಯರ್ ಒಬ್ಬ ಒಂಟಿಯಾಗಿ ಬಾಡಿಗೆ ಮನೆ ಹಿಡಿಯುತ್ತಾನೆ, ಮೆತ್ತಿನ ಮೇಲೆ ಒಬ್ಬ ಮುದುಕಿಯ ದೆವ್ವ ಇರುತ್ತದೆ. ಸರ್ವೆಯರ್ ಆಗಿರುವುದು ಪ್ರಥಮ ಎಂಬ ನಟ, ಧಾರಾವಾಹಿಗಳಲ್ಲಿ ಹೆಂಡತಿಯನ್ನು ಅನುಮಾನಿಸುವ ಗಂಡನ ಪಾತ್ರ ಮಾಡುತ್ತಾನೆ.

ಮಧ್ಯಾಹ್ನ ಅವನ ವಾಚು ಬಲಗೈಗೆ ಬಂದಿತ್ತು. ಬೆಳಿಗ್ಗೆ ಎಡಗೈಯಲ್ಲಿತ್ತು. ಕೂಗಿ ಹೇಳಬೇಕಾದ್ದು ನಾನೇ. ಬಾಯಿ ಬರಲಿಲ್ಲ. ಚೀಟಿ ಬರೆದು ಕ್ಯಾಮೆರಾ ಹಿಡಿಯುವ ಆನಂದ ಅವರ ಕೈಗೆ ಕೊಟ್ಟೆ. ಅವರು ಹಾವೇರಿ ಕಡೆಯವರು, ದೊಡ್ಡ ದನಿ. ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿ, "ಅಕ್ಕಾರ, ಬಾಯಿಲೆ ಹೇಳಿದ್ರೂ ನಡೀತೈತ್ರಿ. ಪೇಪರ್ ಉಳಿತಾವು" ಅಂದರು. ಸಂಜೆಯವರೆಗೂ ಕಿವಿ ಬಿಸಿಯಾಗಿಯೇ ಇತ್ತು.

ಜನವರಿ 30, ಗುರುವಾರ

ಅತ್ತೆಯ ಮೊದಲ ದೃಶ್ಯ. ಹನ್ನೊಂದು ಟೇಕ್.

ಬಿಳಿ ಸೀರೆಯುಟ್ಟು ಕೂದಲು ಬಿಟ್ಟು ಮೆಟ್ಟಿಲಿಳಿದು ಪ್ರಥಮನನ್ನು ದುರುಗುಟ್ಟಿ ನೋಡಬೇಕು, ಅಷ್ಟೇ. ಮೊದಲ ಟೇಕಿನಲ್ಲಿ ಎಡವಬಾರದೆಂದು ನೆರಿಗೆ ಎತ್ತಿ ಹಿಡಿದುಕೊಂಡು ಇಳಿದಳು. ಎರಡನೆಯದರಲ್ಲಿ ನೆರಿಗೆ ಬಿಟ್ಟಳು, ಆದರೆ ಅವನನ್ನು ಕಂಡ ಕೂಡಲೇ ಮುಖ ಅರಳಿತು. ಬಾಗಿಲಲ್ಲಿ ಯಾರಾದರೂ ನಿಂತಿರುವುದನ್ನು ನೋಡಿ ಮುಖ ಬಿಗಿ ಮಾಡಿಕೊಳ್ಳುವುದು ಅವಳಿಂದ ಆಗುವುದೇ ಇಲ್ಲ. ಆರನೆಯದಕ್ಕೆ ಪ್ರಥಮ, "ಅಮ್ಮ, ನಿಮ್ಮನ್ನ ನೋಡಿದ್ರೆ ಊಟಕ್ಕೆ ಏನಿದೆ ಅಂತ ಕೇಳ್ಬೇಕು ಅನ್ಸುತ್ತೆ" ಅಂದ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ವೈಭವ ನಗಲಿಲ್ಲ.

ಊಟದ ಹೊತ್ತಿಗೆ ಅವರು ಹಿತ್ತಿಲಲ್ಲಿ ಫೋನಿನಲ್ಲಿದ್ದರು. ಬೆಂಗಳೂರಿನಿಂದ ಒಬ್ಬ ನಟಿ ಸೋಮವಾರ ಬರಲು ಸಾಧ್ಯವೇ ಎಂದು ಕೇಳುತ್ತಿದ್ದರು. ಶನಿವಾರದ ದೃಶ್ಯವನ್ನು ಈ ಅಮ್ಮನ ಕೈಲೇ ಮಾಡಿಸಿ ನೋಡುತ್ತೇನೆ, ಆಗದಿದ್ದರೆ ಬದಲಾಯಿಸುತ್ತೇನೆ ಎಂದರು. ಅಷ್ಟು ನನಗೆ ಕೇಳಿತು. ಕೈ ತೊಳೆಯುತ್ತಿದ್ದ ಅತ್ತೆಗೂ ಕೇಳಿರಬೇಕು.

ಈಗ ಲಾಡ್ಜಿನ ಕನ್ನಡಿಯ ಮುಂದೆ ನಿಂತು ಕಣ್ಣು ಅಗಲಿಸುತ್ತಿದ್ದಾಳೆ. "ಹೀಂಗೆ ಮಾಡಿದ್ರೆ ಕಣ್ಣಲ್ಲಿ ನೀರು ಬತ್ತು" ಎನ್ನುತ್ತಾಳೆ. ರಾಶಿ ಚೆನ್ನಾಗಿದೆ ಎಂದೆ. ಸುಳ್ಳು.

ಫೆಬ್ರವರಿ 1, ಶನಿವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ದೃಶ್ಯ ಹೀಗೆ. ಪ್ರಥಮ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾನೆ. ಅವನ ಬೆನ್ನಿಗೇ ಆನಂದ ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡು ಬರುತ್ತಾರೆ. ಎಲ್ಲೂ ಕಟ್ ಇಲ್ಲ. ಅಡುಗೆಮನೆಯಿಂದ ಅತ್ತೆ ಬರಿಗೈಯಲ್ಲಿ ಬಂದು ನಿಲ್ಲಬೇಕು. ಪ್ರಥಮ ಅವಳನ್ನು ಕಾಣದವನಂತೆ ಮೆಟ್ಟಿಲು ಹತ್ತಬೇಕು. ಏನೂ ಯೋಚಿಸಬೇಡಿ, ನಗಬೇಡಿ, ಎಂದು ವೈಭವ ಅತ್ತೆಗೆ ನಾಲ್ಕು ಸಲ ಹೇಳಿದರು.

ಆಕ್ಷನ್ ಎಂದರು. ಅತ್ತೆ ಬಂದಳು. ಕೈಯಲ್ಲಿ ಹರಿವಾಣ. ಹರಿವಾಣದಲ್ಲಿ ಎರಡು ಲೋಟ ನೀರು, ಎರಡು ಚೂರು ಬೆಲ್ಲ.

ಲೋಟ ಅಂಚಿನವರೆಗೆ ತುಂಬಿತ್ತು. ಚೆಲ್ಲಬಾರದೆಂಬ ಎಚ್ಚರದಲ್ಲಿ ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಬೇರೇನೂ ಇರಲಿಲ್ಲ. ಸ್ಟೂಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಪ್ರಥಮ ಗಲಿಬಿಲಿಯಾದರೂ ಆಟ ಬಿಡಲಿಲ್ಲ. ಒಂದು ಲೋಟ ಎತ್ತಿ ನೋಡಿ, ಕುಡಿಯದೆ ಇಟ್ಟು, ಮೆಟ್ಟಿಲು ಹತ್ತಿದ. ಕ್ಯಾಮೆರಾ ಅವನ ಬೆನ್ನ ಮೇಲಿದ್ದಾಗ ಆನಂದ ಎಡಗೈ ಚಾಚಿ ಇನ್ನೊಂದು ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಖಾಲಿ ಮಾಡಿ ಸದ್ದಿಲ್ಲದೆ ವಾಪಸ್ಸಿಟ್ಟರು. ಆಮೇಲೆ ಕ್ಯಾಮೆರಾವನ್ನು ಹರಿವಾಣದ ಕಡೆ ಇಳಿಸಿದರು.

ಕಟ್.

"ಅಮ್ಮ, ದೆವ್ವ ಯಾಕೆ ನೀರು ಕೊಡುತ್ತೆ? ಅದೂ ಎರಡು ಲೋಟ?" ವೈಭವ ಕೇಳಿದರು.

"ಇಬ್ರು ಒಳಗೆ ಬಂದ್ರಲ್ಲ ತಮ್ಮಾ," ಅತ್ತೆಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. "ಬಾಗ್ಲು ದಾಟಿ ಬಂದವರಿಗೆ ಆಸ್ರಿಗೆ ಕೊಡದೇ ಇರೂಕೆ ಆಗ್ತದಾ? ಒಬ್ರಿಗೆ ಕೊಟ್ಟು ಇನ್ನೊಬ್ರ ಮುಖ ಹ್ಯಾಗೆ ನೋಡೂದು?"

"ಅಮ್ಮಾರ, ಕ್ಯಾಮೆರಾದಾಂವನ್ನ ಮಂದ್ಯಾಗ ಎಣಿಸಬಾರದ್ರಿ," ಆನಂದ ಅಂದರು.

"ಮತ್ತೆ ನೀವ್ಯಾಕ್ರೀ ಕುಡಿದ್ರಿ?" ವೈಭವ ಅವರ ಕಡೆ ತಿರುಗಿದರು.

"ಪ್ರೀತಿಲೆ ಕೊಟ್ಟಾರ ಸರ್. ಹೆಂಗ ಬಿಡೂದು?"

ವೈಭವ ತಲೆ ಹಿಡಿದುಕೊಂಡು ಕುರ್ಚಿಗೆ ಹೋದರು. ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತು ಕೂದಲು ಗಂಟು ಹಾಕತೊಡಗಿದಳು. ಇನ್ನು ಬಿಚ್ಚುವುದಿಲ್ಲ ಎಂಬಂತೆ ಬಿಗಿಯಾಗಿ ಕಟ್ಟುತ್ತಿದ್ದಳು. ಬಂದವರಿಗೆ ಬಾಯಾರಿಕೆಗೆ ಕೊಡುವ ಆಸರಿಯೆಂದರೆ ಇಲ್ಲಿನ ಮನೆಗಳಲ್ಲಿ ಏನು, ಯಾರಾದರೂ ಒಳಗೆ ಕಾಲಿಟ್ಟರೆ ಹೆಂಗಸರ ಕಣ್ಣು ಮೊದಲು ತಲೆ ಎಣಿಸುವುದು ಹೇಗೆ ಎಂದು ವೈಭವ ಅವರಿಗೆ ಹೇಳಬೇಕಾದ್ದು ನಾನು. ಸಂಬಳ ಅದಕ್ಕೇ. ಹೇಳಲಿಲ್ಲ. ಕೂತು ಹಾಳೆ ತುಂಬಿದೆ:

ದೃಶ್ಯ 31, ಟೇಕ್ 1. ತಪ್ಪುಗಳು. ಒಳಗೆ ಬಂದವನು ಒಬ್ಬ, ಲೋಟ ಎರಡು. ಅವನು ನೀರು ಕುಡಿಯಲಿಲ್ಲ. ಕೊನೆಗೆ ಒಂದು ಲೋಟ ಖಾಲಿ.

ಬರೆದದ್ದನ್ನು ಓದಿಕೊಂಡೆ. ಆನಂದ ಕುಡಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಆದರೂ ಮೈ ಜುಮ್ಮೆಂದಿತು.

ವೈಭವ ಅವರ ಕುರ್ಚಿಯ ಪಕ್ಕ ಹೋಗಿ ನಿಂತೆ. ಏನು ಎಂದರು. ಹಾಳೆ ಚಾಚಿದೆ. ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ, ತಮಗೇ ಗೊತ್ತಿಲ್ಲದೆ, ತಿರುಗಿ ತಮ್ಮ ಬೆನ್ನ ಹಿಂದೆ ನೋಡಿಕೊಂಡರು.

ಎರಡನೇ ಟೇಕ್ ಆಗಲಿಲ್ಲ. ಹಿತ್ತಿಲಿಗೆ ಹೋಗಿ, ತುರುಬು ಬಿಚ್ಚಬಹುದಂತೆ ಎಂದು ಅತ್ತೆಗೆ ಹೇಳಿದೆ.

ಫೆಬ್ರವರಿ 13, ಗುರುವಾರ

ಮುಗಿಯಿತು. ಬೆಂಗಳೂರಿನ ನಟಿ ಬರಲಿಲ್ಲ. ಎಲ್ಲರೂ ವ್ಯಾನಿನಲ್ಲಿ ಮಾಗೋಡಿಗೆ ಹೋಗಿ ಜಲಪಾತ ನೋಡಿ ಬಂದೆವು. ಅಲ್ಲಿಯೂ ಯಾರೋ ಪ್ರವಾಸಿ ಮಕ್ಕಳಿಗೆ ಅತ್ತೆ ಕಣ್ಣು ಅಗಲಿಸಿ ತೋರಿಸಿದಳು. ಮಕ್ಕಳು ಬಿಸ್ಕೀಟು ಕೊಟ್ಟವು.

ನವೆಂಬರ್ 8, ಶನಿವಾರ. ಸಿದ್ದಾಪುರ

ನಿನ್ನೆ ಬೆಂಗಳೂರು, ಮೈಸೂರಿನಲ್ಲಿ ಸಿನಿಮಾ ಬಿಡುಗಡೆಯಾಯಿತು. ಸಿರಸಿಗೆ ಮುಂದಿನ ಶುಕ್ರವಾರ. ಇವತ್ತು ಬೆಳಿಗ್ಗೆ ಮೊಬೈಲಿನಲ್ಲಿ ಒಂದು ವಿಮರ್ಶೆ ಬಂತು. ಹೆಸರುವಾಸಿ ವೆಬ್‌ಸೈಟು, ಐದಕ್ಕೆ ಎರಡು ನಕ್ಷತ್ರ. ಬರೆದವರು ಹೇಳಿದ್ದರಲ್ಲಿ ಬಹಳಷ್ಟು ನಿಜ. ಕೊನೆಯ ಪ್ಯಾರಾದಲ್ಲಿ ಮಾತ್ರ ಹೀಗಿದೆ: 'ತಂಡದ ಉದಾಸೀನಕ್ಕೆ ಒಂದು ದೃಶ್ಯ ಸಾಕು. ಮನೆಗೆ ಬರುವವನು ಒಬ್ಬ, ಇಡುವುದು ಎರಡು ಲೋಟ. ಮುಟ್ಟದ ಲೋಟ ಮರುಕ್ಷಣ ಖಾಲಿ. ಕಂಟಿನ್ಯುಟಿ ನೋಡುವವರು ನಿದ್ದೆ ಮಾಡುತ್ತಿದ್ದರೇನೋ.'

ಕಂಟಿನ್ಯುಟಿ: ಅಭಿಜ್ಞಾ, ಸಿದ್ದಾಪುರ. ಪರದೆಯ ಮೇಲೆ ಹಾಗೆಯೇ ಬರುತ್ತದಂತೆ.

ಹನ್ನೊಂದಕ್ಕೆ ವೈಭವ ಮೆಸೇಜು ಕಳಿಸಿದರು. ಎಲ್ಲರೂ ಅದನ್ನೇ ಹಂಚಿಕೊಂಡು ನಗುತ್ತಿದ್ದಾರೆ, ಸಿರಸಿಗೆ ಕಳಿಸುವ ಪ್ರತಿಯಲ್ಲಿ ಆ ದೃಶ್ಯ ತೆಗೆಸುತ್ತೇನೆ, ಬೇಜಾರಾಗಬೇಡಿ, ಎಂದು.

ಅದನ್ನು ತೆಗೆದರೆ ಅತ್ತೆಗೆ ಉಳಿಯುವುದು ಮೆಟ್ಟಿಲಿಳಿಯುವುದು ಮತ್ತು ಕಿಟಕಿಯಲ್ಲಿ ನಿಲ್ಲುವುದು. ಎರಡರಲ್ಲೂ ಅವಳು ನಮ್ಮ ಸೀತತ್ತೆಯೇ.

ಅತ್ತೆ ನಿನ್ನೆಯಿಂದ ಮೂರು ಸಲ ಕೇಳಿದಳು: "ಯಾರಾದ್ರೂ ಹೆದ್ರಿದ್ವಡಾ?"

ನವೆಂಬರ್ 10, ಸೋಮವಾರ

ವೈಭವ ಅವರಿಗೆ ಮೆಸೇಜು ಬರೆದೆ, ಅಳಿಸಿದೆ. ಇ-ಮೇಲ್ ಮಾಡೋಣವೆಂದರೆ ಅದು ಎಂ.ಎ. ಪ್ರಬಂಧದ ಹಾಗೆ ಆಗತೊಡಗಿತು. ಕೊನೆಗೆ ಫೋನೇ ಮಾಡಿದೆ. ತಾರಸಿಯ ಮೇಲೆ ಹೋಗಿ, ಒಣಗಲು ಹಾಕಿದ ಸೀರೆಗಳ ನಡುವೆ ನಿಂತು.

ಅದು ತಪ್ಪಲ್ಲ ಎಂದೆ. ನನಗೂ ಗೊತ್ತು ಎಂದರು. "ಆದ್ರೆ ನಾನೇ ಮೂರು ಥಿಯೇಟರಲ್ಲಿ ಕೂತು ನೋಡಿದೀನಿ ಅಭಿಜ್ಞಾ. ಒಬ್ರೂ ಹೆದ್ರಲಿಲ್ಲ. ಎಲ್ಲರೂ ಹೀರೊನ ನೋಡ್ತಾ ಇದ್ರು."

ಹಾಗಾದರೆ ಸಿರಸಿಯಲ್ಲಿ ಒಂದೇ ಒಂದು ಆಟ ಇದ್ದ ಹಾಗೇ ನಡೆಯಲಿ, ನೀವೂ ಬಂದು ಕೂತು ನೋಡಿ, ಅಲ್ಲೂ ಯಾರೂ ಹೆದರದಿದ್ದರೆ ತೆಗೆಯಿರಿ, ಎಂದೆ. ಅವರು ಏನೋ ಹೇಳಲು ಹೊರಟರು. ನಾನು ಮುಗಿಸಿರಲಿಲ್ಲ.

"ಏನಾದ್ರೂ ತೆಗೆಯಲೇಬೇಕು ಅಂದ್ರೆ ಸರ್, ಅರ್ಚಕರು ದೆವ್ವದ ಪೂರ್ವಕಥೆ ಹೇಳೋದಿದೆಯಲ್ಲ, ಹದಿನಾಲ್ಕು ನಿಮಿಷ, ಅದನ್ನ ತೆಗೀರಿ. ಅವಳು ಯಾಕೆ ಸತ್ತಳು ಅಂತ ಗೊತ್ತಾದ ಮೇಲೆ ಪಾಪ ಅನ್ಸುತ್ತೆ. ಹೆದರಿಕೆ ಎಲ್ಲಿ ಉಳೀತದೆ?"

ಶುಕ್ರವಾರ ಮ್ಯಾಟಿನಿಗೆ ಬರುತ್ತೇನೆ ಎಂದರು.

ಇಪ್ಪತ್ತೆರಡು ನಿಮಿಷ ಮಾತಾಡಿದ್ದೇನೆ. ಸೀರೆಗಳು ಅಷ್ಟರಲ್ಲಿ ಒಣಗಿದ್ದವು. ಮಡಚಿ ತಂದೆ.

ನವೆಂಬರ್ 15, ಶನಿವಾರ

ನಿನ್ನೆ ಬರೆಯಲು ಆಗಲಿಲ್ಲ.

ಸಿರಸಿಯ ಥಿಯೇಟರಿನಲ್ಲಿ ಎಪ್ಪತ್ತು ಎಂಬತ್ತು ಜನ ಇದ್ದರು. ಅದರಲ್ಲಿ ಹದಿನೈದು ಮಂದಿ ಸಿದ್ದಾಪುರದಿಂದ ಬಂದ ಅತ್ತೆಯ ಹಳೆಯ ಶಿಷ್ಯೆಯರು, ಅವರ ಗಂಡಂದಿರು. ನಾವು ಕೊನೆಯ ಸಾಲಿನಲ್ಲಿ ಕೂತೆವು: ಅತ್ತೆ, ನಾನು, ವೈಭವ. ಅತ್ತೆ ಹೊಸ ಸೀರೆ ಉಟ್ಟಿದ್ದಳು. ತುರುಬಿಗೆ ಸೇವಂತಿಗೆ.

ಸಿನಿಮಾದ ಬಗ್ಗೆ ನನಗನ್ನಿಸಿದ್ದನ್ನು ಬರೆದಿಡುತ್ತೇನೆ. ಮೊದಲ ನಲವತ್ತು ನಿಮಿಷ ಬರೀ ಬಾಗಿಲು ಕಿರುಗುಟ್ಟುತ್ತದೆ. ಪ್ರತಿ ಸಲವೂ ಹೆದರಿ ಎಂದು ಸಂಗೀತ ಮೊದಲೇ ಹೇಳಿಬಿಡುತ್ತದೆ, ಹಾಗಾಗಿ ಹೆದರುವ ಕೆಲಸ ನಮಗೆ ಉಳಿಯುವುದಿಲ್ಲ. ಪ್ರಥಮ ಸುಮ್ಮನಿದ್ದಾಗ ಚೆನ್ನಾಗಿ ಮಾಡುತ್ತಾನೆ. ಯಲ್ಲಾಪುರದ ಆ ಗುಲಾಬಿ ಬಚ್ಚಲು ಪರದೆಯ ಮೇಲೆ ಗುಲಾಬಿಯಾಗಿಯೇ ಕಾಣುತ್ತದೆ.

ಅತ್ತೆ ಮೆಟ್ಟಿಲಿಳಿದಳು. ಮುಂದಿನ ಸಾಲಿನಿಂದ ಒಂದು ಹೆಣ್ಣುದನಿ, "ಓ, ನಮ್ಮ ಹೊಲಿಗೆ ಟೀಚರು" ಎಂದಿತು. ಥಿಯೇಟರಿಗೆ ಥಿಯೇಟರೇ ನಕ್ಕಿತು. ಯಾರೋ ಚಪ್ಪಾಳೆ ಹೊಡೆದರು. ಅತ್ತೆ ತನ್ನ ಟಿಕೆಟ್ಟನ್ನು ಮಡಚಿದಳು. ಮಡಚಿದ್ದನ್ನು ಮತ್ತೆ ಮಡಚಿದಳು. ಇನ್ನು ಮಡಚಲು ಬಾರದಷ್ಟು ಚಿಕ್ಕದಾಯಿತು. ವೈಭವ ನನ್ನ ಕಡೆ ನೋಡಿದರು. ನಾನು ಪರದೆ ನೋಡಿದೆ.

ಆಮೇಲೆ ಆ ದೃಶ್ಯ. ಅದಕ್ಕೆ ಸಂಗೀತವಿಲ್ಲ. ಪ್ರಥಮ ಒಳಗೆ ಬಂದ. ಅಡುಗೆಮನೆಯಿಂದ ಅತ್ತೆ ಬಂದಳು. ಇನ್ನೂ ಅಲ್ಲಲ್ಲಿ ನಗು ಇತ್ತು. ಅತ್ತೆ ಹರಿವಾಣ ಇಟ್ಟಳು, ಹಿಂದೆ ಸರಿದು ನಿಂತಳು. ಪರದೆಯ ಮೇಲೆ ಎರಡು ಲೋಟ.

ನಗು ಒಮ್ಮೆಗೇ ನಿಲ್ಲಲಿಲ್ಲ. ಒಂದೊಂದೇ ಸಾಲಿನಲ್ಲಿ ನಿಂತಿತು. ಫ್ಯಾನಿನ ಸದ್ದು ಕೇಳತೊಡಗಿತು. ಟೀಚರು ಎಂದು ಕೂಗಿದ್ದ ಅದೇ ದನಿ ಈಗ ಪಕ್ಕದವಳನ್ನು ಮೆಲ್ಲಗೆ ಕೇಳಿತು:

"ಅವನ ಹಿಂದೆ ಯಾರು ಬಂದದ್ದೇ?"

ಪ್ರಥಮ ಲೋಟ ಎತ್ತಿ, ಕುಡಿಯದೆ ಇಟ್ಟು, ಮೆಟ್ಟಿಲು ಹತ್ತಿದ. ಕ್ಯಾಮೆರಾ ಹರಿವಾಣದ ಮೇಲೆ ಇಳಿಯಿತು. ಒಂದು ಲೋಟ ಖಾಲಿ. ನಮ್ಮ ಮುಂದಿದ್ದ ಗಂಡಸೊಬ್ಬ ಕೆಳಗೆ ಬಿಟ್ಟಿದ್ದ ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡ. ಹೊರಗೆ ಹೋಗಲೆಂದು ಎದ್ದಿದ್ದ ಇನ್ನೊಬ್ಬ ಬಾಗಿಲಿನ ಕತ್ತಲೆಯನ್ನು ನೋಡಿ, ಹತ್ತಿರದ ಸೀಟಿನಲ್ಲಿ ಯಾರೋ ಗುರುತಿಲ್ಲದವರ ಪಕ್ಕ ಕೂತುಬಿಟ್ಟ.

"ಯಾಕೆ ಒಬ್ರೂ ಕಿರುಚ್ತಿಲ್ಲ?" ವೈಭವ ಪಿಸುಗುಟ್ಟಿದರು.

"ಎಣಿಸ್ತಾ ಇದ್ದಾರೆ ಸರ್, ಸುಮ್ನಿರಿ," ಎಂದೆ.

ಅತ್ತೆ ಪರದೆಯನ್ನು ನೋಡುತ್ತಿರಲಿಲ್ಲ. ಮುಂದಿನ ಸಾಲುಗಳ ತಲೆಗಳನ್ನು ನೋಡುತ್ತಿದ್ದಳು. ಎಲ್ಲರ ತಲೆಯೂ ಸ್ವಲ್ಪ ಭುಜದೊಳಗೆ ಇಳಿದಿತ್ತು.

ಮುಂದೆ ಅರ್ಚಕರ ಹದಿನಾಲ್ಕು ನಿಮಿಷ ಬಂದೇ ಬಂತು. ಜನ ಮೊಬೈಲು ತೆಗೆದರು. ಈ ಸಿನಿಮಾ ಗೆಲ್ಲುವುದಿಲ್ಲ. ಸಿರಸಿಯಿಂದಲೂ ಗುರುವಾರಕ್ಕೆ ಹೋಗುತ್ತದೆ. ಅದನ್ನು ವೈಭವ ಅವರಿಗೂ ಹೇಳಿದೆ, ಮುಂದಿನದನ್ನು ಯಾವಾಗ ಶುರು ಮಾಡುತ್ತೀರಿ ಎಂದೂ ಕೇಳಿದೆ. ಅವರು ನಕ್ಕು, ದೃಶ್ಯ 31 ಎಲ್ಲಾ ಊರಲ್ಲೂ ಹಾಗೇ ಇರುತ್ತದೆ, ಬೇಕಾದವರು ತಪ್ಪು ಎನ್ನಲಿ ಎಂದರು.

ಹೊರಗೆ ಬಂದಾಗ ಅತ್ತೆಯ ಶಿಷ್ಯೆಯರು ಓಡಿ ಬಂದು ಸುತ್ತ ನಿಲ್ಲುತ್ತಾರೆಂದುಕೊಂಡಿದ್ದೆ. ಅವರು ಸ್ವಲ್ಪ ದೂರದಲ್ಲೇ ನಿಂತು, ಚೆನ್ನಾಗಿ ಮಾಡಿದ್ದೀರಿ ಟೀಚರ್ ಎಂದು ಹೇಳಿ ಬೇಗ ಬೇಗ ಬಸ್‌ ಸ್ಟ್ಯಾಂಡಿನ ಕಡೆ ನಡೆದರು.

ಸಿದ್ದಾಪುರದ ಬಸ್ಸು ತುಂಬಿತ್ತು. ಸಿನಿಮಾ ನೋಡಿದವರೇ ಅರ್ಧ. ಅತ್ತೆಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನಾನು ಟಿಕೆಟ್ ಮಾಡಿಸಿ ಬರುವಷ್ಟರಲ್ಲಿ ಜನ ಕಂಬಿ ಹಿಡಿದು ನಿಂತಿದ್ದರು, ಅತ್ತೆಯ ಪಕ್ಕದ ಸೀಟು ಮಾತ್ರ ಖಾಲಿ. ಒಬ್ಬಳು ಹೆಂಗಸು ಕೂರಲು ಬಂದು, ಅತ್ತೆಯ ಮುಖ ನೋಡಿ, ಮುಂದಿನ ಸ್ಟಾಪಿಗೇ ಇಳಿಯುವುದು ಎಂದು ಯಾರೂ ಕೇಳದೆ ಹೇಳಿ ಮುಂದೆ ಸರಿದಳು. ಅವಳು ಸಿದ್ದಾಪುರದವರೆಗೂ ಇಳಿಯಲಿಲ್ಲ.

ಕಾನಸೂರು ದಾಟಿದರೂ ಆ ಸೀಟು ಹಾಗೇ ಇತ್ತು. ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು, ಯಾರನ್ನೂ ನೋಡದೆ ಕೂತಿದ್ದಳು. ನನ್ನ ಕಾಲು ನೋಯುತ್ತಿತ್ತು. ಆದರೂ ಕಂಬಿ ಬಿಡಲಿಲ್ಲ.

ಕೊನೆಗೆ ಅವಳೇ ತಿರುಗಿ ಕರೆದಳು. "ಎಂತಕ್ಕೆ ನಿಂತಿದ್ದೆ ಅಭಿ? ಬಾ, ಕೂತ್ಕ."

"ಆನು ಬರ್ತಿಲ್ಲೆ," ಎಂದೆ, ಡ್ರೈವರಿಗೂ ಕೇಳುವಂತೆ. "ಯಂಗೆ ಹೆದ್ರಿಕೆ ಆಗ್ತು ಅತ್ತೆ."

ಬಸ್ಸಿನಲ್ಲಿ ಯಾರೂ ನಗಲಿಲ್ಲ. ಅತ್ತೆ ಸಟಕ್ಕನೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಊರು ಬರುವವರೆಗೂ ಈ ಕಡೆ ತಿರುಗಲಿಲ್ಲ. ಗಾಜಿನಲ್ಲಿ ಅರಳಿದ ಅವಳ ಮುಖ ನನಗೆ ಕಾಣುತ್ತಿತ್ತು.